ಅಳತೆಯ ತನಕ ನಿಲ್ಲಬೇಕಾದ ದಿಬ್ಬ

ಅರಕೇರಿಯ ಕೆರೆಯಂಗಳದಲ್ಲಿ ಇನ್ನೂ ಮುಖ ಗುರುತು ಸಿಗದಷ್ಟು ಮಬ್ಬು. ಇಮಾಮಬಿ ಆಗಲೇ ಸೆರಗು ನಡುವಿಗೆ ಬಿಗಿದು ಸಲಿಕೆ ಹಿಡಿದಿದ್ದಾರೆ. "ಬಿಸಲ ಏರಿತಂದ್ರ ಮಣ್ಣ ನಮ್ಮ ಮಾತ ಕೇಳಂಗಿಲ್ರಿ" ಎಂದು ನಗುತ್ತಾರೆ. ಉದ್ಯೋಗ ಖಾತ್ರಿಯ ಈ ಹೂಳೆತ್ತುವ ಕೆಲಸಕ್ಕೆ ಅವರೇ ಮುಂದಾಳು. ಸರ್ಕಾರದ ಭಾಷೆಯಲ್ಲಿ ಕಾಯಕ ಬಂಧು, ಊರ ಬಾಯಲ್ಲಿ ಬರೀ ಇಮಾಮಬಿ ಅಕ್ಕ.

ಮೊದಲೆಲ್ಲ ಅವರು ಬಸ್ಸು ಹತ್ತಿ ಗೋಳಗುಮ್ಮಟದ ಹತ್ತಿರದ ಖಾನಾವಳಿಯೊಂದರಲ್ಲಿ ಪಾತ್ರೆ ತಿಕ್ಕಲು ಹೋಗುತ್ತಿದ್ದರು. "ಮಕ್ಕಳು ಎಚ್ಚರಿದ್ದಾಗ ನಾ ಮನ್ಯಾಗ ಇದ್ದದ್ದ ಕಡಿಮಿ." ಊರಲ್ಲೇ ಕೆಲಸ ಬಂತೆಂದು ಕೇಳಿದ ದಿನವೇ ಸಲಿಕೆಗೆ ಹೊಸ ಕಾವು ಹಾಕಿಸಿದರಂತೆ. ಈಗ ಅವರ ಗುಂಪು ಎತ್ತಿದ ಹೂಳು ತಿಕೋಟಾದ ದ್ರಾಕ್ಷಿ ತೋಟಗಳಿಗೂ ಹೋಗುತ್ತದೆ.

ಇಲ್ಲಿ ಕೆಲಸ ಜೋಡಿ ಜೋಡಿಯಾಗಿ. ಒಬ್ಬರು ಅಗೆದರೆ ಇನ್ನೊಬ್ಬರು ಬುಟ್ಟಿ ಹೊರಬೇಕು. ಪ್ರತಿ ತಗ್ಗಿನ ನಡುವೆ ಒಂದು ದಿಬ್ಬವನ್ನು ಅಗೆಯದೆ ಬಿಡುತ್ತಾರೆ. ಎಷ್ಟು ಆಳ ಅಗೆದರೆಂಬುದಕ್ಕೆ ಅದೇ ಸಾಕ್ಷಿ. ಎಂಜಿನಿಯರ್ ಬಂದು ಅಳೆಯುವ ತನಕ ಅದನ್ನು ಮುಟ್ಟುವಂತಿಲ್ಲ.

ಮುಟ್ಟಿದ್ದು ತುಳಸಾಬಾಯಿ. ಗುಂಪಿನಲ್ಲೇ ಹಿರಿಯರು, ಮೊಣಕಾಲು ನೋವಿನವರು, ಈ ಕೆಲಸಕ್ಕೆ ಹೊಸಬರು. ಹೋದ ವಾರ ಅಳತೆಯ ದಿನ, ದೊಡ್ಡವರು ಬರುವಾಗ ಎಲ್ಲ ಚೊಕ್ಕಟವಾಗಿರಲೆಂದು ದಿಬ್ಬ ಕೆಡವಿ, ತಗ್ಗನ್ನು ಅಡುಗೆಮನೆಯ ಹಾಗೆ ಬಳಿದಿಟ್ಟುಬಿಟ್ಟರು! ಅಯ್ಯೋ ದೇವರೇ! ಎಂಜಿನಿಯರ್ ಸುಧಾರಾಣಿ ಟೇಪು ಹಿಡಿದು ನಿಂತೇ ಇದ್ದರು. "ಏನ ಹಿಡದ ಅಳೀಲಿ ಆಯಿ?"

ಆ ತಗ್ಗು ಕೂಲಿಯ ಲೆಕ್ಕಕ್ಕೆ ಬರಲಿಲ್ಲ. ಜೋಡಿಯಾಗಿ ಅಗೆದಿದ್ದ ಯಾಸ್ಮೀನಳ ಬೆವರೂ ವ್ಯರ್ಥ. "ಈ ಆಯಿ ಜೋಡಿ ನಾ ಒಲ್ಲೆ" ಎಂದು ಆಕೆ ಸಿಡುಕಿದಳು. ಉಳಿದವರೂ ಮುಖ ತಿರುಗಿಸಿದರು. ಜೋಡಿ ಸಿಗದಿದ್ದರೆ ಕೆಲಸವಿಲ್ಲ. ಕಣ್ಣೊರೆಸಿಕೊಳ್ಳುತ್ತ ಮನೆಯ ದಾರಿ ಹಿಡಿದ ತುಳಸಾಬಾಯಿಯ ರಟ್ಟೆಯನ್ನು ಇಮಾಮಬಿ ಹಿಡಿದರು. "ಎಲ್ಲಿಗಿ ಹೊಂಟಿ ಬೇ? ನನಗ ಜೋಡಿ ಯಾರು?"

ಕೇಳಿದರೆ ಇಮಾಮಬಿ ಈಗಲೂ ಮುಖ ಚಿಕ್ಕದು ಮಾಡುತ್ತಾರೆ. "ತಪ್ಪ ನಂದ ಐತ್ರಿ. ದಿಬ್ಬ ಯಾಕ ಬಿಡ್ತೇವಂತ ಆಯಿಗಿ ಯಾರೂ ಹೇಳೇ ಇದ್ದಿಲ್ಲ."

ವಾರವಿಡೀ ಅಗೆತ ಇಮಾಮಬಿಯದು. ತುಳಸಾಬಾಯಿ ಅರ್ಧರ್ಧ ಬುಟ್ಟಿ ಹೊತ್ತು ದಂಡೆ ಏರುತ್ತಾರೆ. ಹೊಸ ದಿಬ್ಬದ ಹತ್ತಿರ ಯಾರಾದರೂ ಸುಳಿದರೆ ಸಾಕು, "ದೂರ ಸರೀಲೇ!" ಎಂದು ಕೂಗು. ಪಾಪ, ಅದಕ್ಕೆ ಅವರೇ ಕಾವಲು.

ಇವತ್ತು ಮತ್ತೆ ಅಳತೆ. ಸುಧಾರಾಣಿ ಟೇಪು ಸುತ್ತಿ "ಆತ್ರಿ" ಎನ್ನುತ್ತಲೇ ಇಮಾಮಬಿ ಸಲಿಕೆಯನ್ನು ತುಳಸಾಬಾಯಿಯ ಕೈಗಿಡುತ್ತಾರೆ. "ಈಗ ಹೊಡಿ ಬೇ."

"ಖರೇನ ಹೊಡೀಲಾ?"

ಕೆರೆಯಂಗಳವೆಲ್ಲ ನಗುತ್ತದೆ. ದಿಬ್ಬ ಉರುಳುತ್ತದೆ. ಆ ಮಣ್ಣಿಗೆ ಬುಟ್ಟಿ ಹಿಡಿದು ಬರುವವಳು ಯಾಸ್ಮೀನ.

ನಿಮ್ಮ ಆಸೆ ಏನು ಎಂದರೆ ಇಮಾಮಬಿ ತಗ್ಗುಗಳ ಸಾಲನ್ನು ನೋಡುತ್ತಾರೆ. "ಮಳಿಯಾಗಿ ಕೆರಿ ತುಂಬ್ಲಿರಿ. ತುಂಬಿದ ಮ್ಯಾಗ ಯಾವ ತಗ್ಗ ಯಾರು ತೋಡ್ಯಾರಂತ ಯಾರಿಗೂ ಗೊತ್ತಾಗಬಾರ್ದು."