ಅಚ್ಚಿಗೆ ಮುಂಚೆ ಓದಿ ಹೇಳುತ್ತಿದ್ದ ಫಾದರ್

ಭಾನುವಾರದ ಪೂಜೆಯಲ್ಲಿ ಫಾದರ್ ಪ್ರಸಾದದ ರೊಟ್ಟಿಯನ್ನು ಮೇಲೆತ್ತಿದಾಗ ಅವರ ಬೆರಳ ತುದಿಗಳು ಕಪ್ಪಾಗಿ ಕಾಣುತ್ತಿದ್ದವು. ಅದು ಸೈಕ್ಲೋಸ್ಟೈಲ್ ಯಂತ್ರದ ಶಾಯಿ. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಉಳಿಯುತ್ತಿತ್ತು. ನಾನು ಕ್ರೈಸ್ತನಲ್ಲ. ಕೊನೆಯ ಬೆಂಚಿನಲ್ಲಿ ಕೂತು ಪೂಜೆ ಮುಗಿಯುವುದನ್ನೇ ಕಾಯುತ್ತಿದ್ದೆ, ಆಮೇಲೆ ಅವರ ಪತ್ರಿಕೆಯ ಕೆಲಸವಿರುತ್ತಿತ್ತು.

ಅದು ತೊಂಬತ್ತರ ದಶಕದ ನಡುವಿನ ಕಾಲ. ಆಲೂರು ತಾಲ್ಲೂಕಿನ ಪಾಳ್ಯದ ಕಡೆಯವನಾದ ನಾನು ಜಿಲ್ಲೆಯ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಫಾದರ್ ಇದ್ದ ಚಿಕ್ಕ ಚರ್ಚು ಯಸಳೂರಿನ ಆಚೆ, ಎಸ್ಟೇಟುಗಳ ನಡುವೆ ಇತ್ತು. ತಿಂಗಳಿಗೊಮ್ಮೆ ನಾಲ್ಕು ಪುಟದ ಪತ್ರಿಕೆಯೊಂದನ್ನು ಸ್ಟೆನ್ಸಿಲ್ ಹಾಳೆಯ ಮೇಲೆ ತಾವೇ ಕೊರೆದು ಬರೆದು, ತಾವೇ ಯಂತ್ರ ತಿರುಗಿಸಿ, ಚರ್ಚಿನ ಬಾಗಿಲಲ್ಲಿ ನಿಂತು ಹಂಚುತ್ತಿದ್ದರು. ಹಬ್ಬಗಳು, ಮದುವೆಯ ಪ್ರಕಟಣೆಗಳ ಜೊತೆಗೆ ಶಾಲೆ ಬಿಟ್ಟ ಮಕ್ಕಳ ವಿಷಯ, ಕೂಲಿಯವರ ಮನೆಗಳಿಗೆ ನೀರು ಬಾರದ ವಿಷಯ ಎಲ್ಲ ಅದರಲ್ಲಿ ಬರುತ್ತಿತ್ತು. ಅವರ ಮನೆಮಾತು ಕೊಂಕಣಿ. ಕನ್ನಡ ತಿದ್ದಲು ನನ್ನನ್ನು ಕರೆಯುತ್ತಿದ್ದರು.

“ಪ್ರಸಂಗ ಮಾಡುವಾಗ ಅರ್ಧ ಜನ ನಿದ್ದೆ ಮಾಡ್ತಾರೆ. ಪೇಪರ್ ಕೊಟ್ರೆ ಮನೆಗೆ ತಗೊಂಡು ಹೋಗಿ ಓದ್ತಾರೆ. ಓದ್ಲಿಕ್ಕೆ ಬಾರದವರು ಓದಿಸಿಕೊಳ್ತಾರೆ. ಇದೂ ದೇವರ ಕೆಲಸವೇ ಮಾರಾಯ” ಎನ್ನುತ್ತಿದ್ದರು.

ಆ ಕೆಲಸಕ್ಕೆ ಅವರದೊಂದು ಕಟ್ಟುನಿಟ್ಟಿತ್ತು. ಯಾರ ಬಗ್ಗೆ ಬರೆದರೂ, ಅದು ಹೊಗಳಿಕೆಯಿರಲಿ ದೂರಿರಲಿ, ಅಚ್ಚಿಗೆ ಮುಂಚೆ ಅವರ ಮನೆಗೆ ಹೋಗಿ ಎದುರಿಗೆ ಕೂತು ಓದಿ ಹೇಳಬೇಕು. ಹೀಗೆ ಮಾಡಿದರೆ ಯಾವ ಪತ್ರಿಕೆಯೂ ಹೊರಗೆ ಬರುವುದಿಲ್ಲ ಎಂದು ನಾನು ಒಮ್ಮೆ ಹೇಳಿದೆ.

“ನಿನ್ನ ಪೇಪರ್ ಓದಿದವರಿಗೆ ನಿನ್ನ ಮುಖ ಗೊತ್ತಿಲ್ಲ. ನನ್ನದು ಓದಿದವರು ಭಾನುವಾರ ಎದುರಿಗೇ ಕೂತಿರ್ತಾರೆ” ಎಂದರು.

ಒಂದು ಜುಲೈ ಬೆಳಿಗ್ಗೆ ಹತ್ತಿರದ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಒಂದು ಗೋಡೆ ಕುಸಿಯಿತು. ಒಲೆಯ ಮುಂದಿದ್ದ ಹೆಂಗಸು ಅದರಡಿ ಸಿಕ್ಕಿ ಸತ್ತಳು. ನನ್ನ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು.

“ಸತ್ತದ್ದು ಬಂತು. ಯಾಕೆ ಸತ್ತಳು ಅಂತ ಬರ್ಲಿಲ್ಲ. ಹೋಗಿ ಕೇಳಿಕೊಂಡು ಬಾ” ಎಂದರು ಫಾದರ್.

ಲೈನಿನ ಮೂರು ಮನೆಯವರು ಒಂದೇ ಮಾತು ಹೇಳಿದರು. ಗೋಡೆ ಬಿರುಕು ಬಿಟ್ಟು ತಿಂಗಳುಗಳಾಗಿದ್ದವು, ರೈಟರಿಗೆ ಹೇಳಿಯೂ ಆಗಿತ್ತು. ರೈಟರ್ ಎಂದರೆ ಎಸ್ಟೇಟಿನ ಹಾಜರಿ ಬರೆಯುವ ಗುಮಾಸ್ತ. ಲೈನಿನವರ ದೂರು ಅವರ ಮೂಲಕವೇ ಒಡೆಯರಾದ ಸಾಹುಕಾರರಿಗೆ ಮುಟ್ಟಬೇಕು. ಈ ರೈಟರ್ ಚರ್ಚಿನಲ್ಲಿ ಹಾಡು ಎತ್ತಿಕೊಡುವವರೂ ಆಗಿದ್ದರು.

“ನೋಡ್ತೀನಿ ನೋಡ್ತೀನಿ ಅಂದ್ರು ಕಣ್ರೀ, ಅಷ್ಟ್ರಲ್ಲಿ ಗೋಡೆ ಬಿದ್ದೋಗ್ಬುಡ್ತು” ಎಂದಳು ಪಕ್ಕದ ಮನೆಯ ಮುದುಕಿ. “ಚರ್ಚಲ್ಲಿ ಹಾಡಕ್ಕೆ ಬೇಕಾದಷ್ಟು ಗಂಟ್ಲೈತೆ ಅವ್ರಿಗೆ. ಸಾವ್ಕಾರ್ರ ಮುಂದೆ ಕೆಮ್ಮಕ್ಕೂ ಆಗಲ್ಲ.”

ಮೂವರು ಒಂದೇ ಮಾತು ಹೇಳಿದರೆ ಸುದ್ದಿ ಗಟ್ಟಿ ಎಂದು ನಾನು ಕಲಿತಿದ್ದೆ. ರೈಟರ್ ದೂರನ್ನು ಮುಚ್ಚಿಟ್ಟರು ಎಂದು ಬರೆದುಕೊಟ್ಟೆ. ಫಾದರ್ ಓದಿದರು, ಕೊಡೆ ತೆಗೆದುಕೊಂಡರು. “ನಡಿ, ಓದಿ ಹೇಳಿ ಬರುವ.”

ರೈಟರ್ ಕ್ವಾರ್ಟರ್ಸಿನಲ್ಲಿ ಕಾಫಿ ಬಂತು. ಯಾರೂ ಮುಟ್ಟಲಿಲ್ಲ. ಫಾದರ್ ನನ್ನ ಒಂದು ಪದವನ್ನೂ ಮೆತ್ತಗೆ ಮಾಡದೆ ಓದಿದರು. ರೈಟರ್ ನೆಲ ನೋಡುತ್ತ ಕೂತಿದ್ದರು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ “ಹೇಳ್ರೀ” ಎಂದರು. ಆಮೇಲೆ ಆಕೆಯೇ ಹೇಳಿದರು: “ಇವ್ರು ಮೂರು ಸಲ ಹೇಳಿದಾರೆ ಫಾದರ್. ಸಾವ್ಕಾರ್ರು ಮೊದಲು ಕಾಫಿ ಕುಯ್ಲು ಮುಗೀಲಿ ಅಂದ್ರು. ಆಮೇಲೆ ಬೇಸಿಗೇಲಿ ನೋಡೋಣ ಅಂದ್ರು. ಕೊನೆಗೆ ಮಳೆ ನಿಲ್ಲಲಿ ಅಂದ್ರು.”

“ಅದನ್ನ ಬರೀಬೇಡಿ” ಎಂದರು ರೈಟರ್. “ಈಗ ಇರೋ ಹಾಗೇ ಹಾಕ್ಬಿಡಿ.”

“ಇದು ಸುಳ್ಳಲ್ವಾ?” ಎಂದರು ಫಾದರ್.

“ಸುಳ್ಳೇ. ನಿಜ ಬಂದ್ರೆ ಹೇಳ್ದೋನು ನಾನೇ ಅಂತ ಸಾವ್ಕಾರ್ರಿಗೆ ಗೊತ್ತಾಗತ್ತೆ. ಈ ಮನೆ ಎಸ್ಟೇಟಿಂದು. ಮೂರು ಮಕ್ಕಳನ್ನ ಕರ್ಕೊಂಡು ಎಲ್ಲಿಗೆ ಹೋಗ್ಲಿ? ಲೈನಿನವ್ರು ಬೈದ್ರೆ ಬೈಸ್ಕೋತೀನಿ.”

ಒಬ್ಬ ಮನುಷ್ಯನ ಹೆಸರನ್ನು ನಾನು ಮೂರು ಪ್ಯಾರಾದಲ್ಲಿ ಕೆಡಿಸಹೊರಟಿದ್ದೆ. ಈ ಲೇಖನವನ್ನೇ ಬಿಟ್ಟುಬಿಡೋಣ ಎಂದು ವಾಪಸು ಬರುವಾಗ ಹೇಳಿದೆ.

“ಬಿಟ್ರೆ ಉಳಿದ ಗೋಡೆಗಳು?” ಎಂದರು ಫಾದರ್. ಅದೇ ಸಾಲಿನ ಇನ್ನೂ ನಾಲ್ಕು ಮನೆಗಳು ಬಿರುಕು ಬಿಟ್ಟಿದ್ದವು. ಮಳೆ ಇನ್ನೂ ಎರಡು ತಿಂಗಳಿತ್ತು.

ಮರುದಿನ ಮಧ್ಯಾಹ್ನ ಸಾಹುಕಾರರ ಬಂಗಲೆಗೆ ಜೊತೆಯಲ್ಲಿ ಕರೆದುಕೊಂಡು ಹೋದರು. ಲೇಖನವನ್ನು ಅವರೇ ಹೊಸದಾಗಿ ಬರೆದಿದ್ದರು. ಅದರಲ್ಲಿ ಏನಿದೆಯೆಂದು ನನಗೂ ಗೊತ್ತಿರಲಿಲ್ಲ. ಸಾಹುಕಾರರು ಆ ಚರ್ಚಿಗೆ ಹೆಂಚು ಹೊದಿಸಿಕೊಟ್ಟವರು. ಕುರ್ಚಿ ತೋರಿಸಿದರು. ಫಾದರ್ ಕೂತು ಹಾಳೆ ಬಿಡಿಸಿದರು.

“ಬಿದ್ದ ಗೋಡೆಯ ಬಿರುಕನ್ನು ನಾನು ನೋಡಿದ್ದೆ” ಎಂದು ಫಾದರ್ ಬರೆದದ್ದು ಶುರುವಾಗುತ್ತಿತ್ತು. ಈಸ್ಟರ್ ಆದ ಮೇಲೆ ಮನೆಗಳನ್ನು ಆಶೀರ್ವದಿಸಲು ಹೋದಾಗ ಆ ಹೆಂಗಸು ಯೇಸುವಿನ ಪಟ ಕೇಳಿದ್ದಳು. ಬಿರುಕು ಮುಚ್ಚುವಷ್ಟು ದೊಡ್ಡದಿರಲಿ ಎಂದು ನಕ್ಕಿದ್ದಳು. ಫಾದರೂ ನಕ್ಕು, ಪಟ ತಂದುಕೊಟ್ಟು, ತಾವೇ ಮೊಳೆ ಹೊಡೆದು ಬಂದಿದ್ದರು. ಯಾರಿಗೂ ಏನೂ ಹೇಳಿರಲಿಲ್ಲ. ಇಷ್ಟಾದ ಮೇಲೆ ಮುಂದಿನ ಸಾಲು: ಎಸ್ಟೇಟಿನ ಒಡೆಯರಿಗೂ ಇದು ಗೊತ್ತಿತ್ತು. ಉಳಿದ ನಾಲ್ಕು ಮನೆಯವರನ್ನು ಈ ವಾರವೇ ಬೇರೆ ಕಡೆ ಇರಿಸಬೇಕು.

“ನನಗೆ ಗೊತ್ತಿತ್ತು ಅಂತ ಯಾರು ಹೇಳಿದ್ದು? ರೈಟರಾ?” ಎಂದರು ಸಾಹುಕಾರರು.

ಫಾದರ್ ಸುಳ್ಳು ಹೇಳುವವರಲ್ಲ. ಜೇಬಿನಿಂದ ಪೆನ್ನು ತೆಗೆದು ಮುಂದೆ ಹಿಡಿದರು. “ಗೊತ್ತಿರಲಿಲ್ಲ ಅಂತ ನೀವು ಹೇಳಿ. ಆ ಸಾಲನ್ನು ಇಲ್ಲೇ ಹೊಡೆದು ಹಾಕ್ತೇನೆ.”

ಸಾಹುಕಾರರು ಪೆನ್ನನ್ನೇ ನೋಡಿದರು. “ಚರ್ಚಿಗೆ ಹೆಂಚು ಹಾಕಿಸಿದ್ದು ಯಾರು ಅಂತಲೂ ಬರೀರಿ ಹಾಗಾದ್ರೆ.”

“ಬರೆದಿದ್ದೆನಲ್ಲ. ಆಗಲೂ ಇಲ್ಲೇ ಬಂದು ಓದಿದ್ದೆ.”

ಅವರು ಗೊತ್ತಿರಲಿಲ್ಲ ಎನ್ನಲಿಲ್ಲ. ಎದ್ದು ಒಳಗೆ ಹೋದರು. ನಾವು ಗೇಟು ದಾಟಿದ ಮೇಲೆ ಪಟದ ವಿಷಯ ನಿಜವೇ ಎಂದು ಕೇಳಿದೆ.

“ಮೊಳೆ ಹೊಡೆಯುವಾಗ ಮಣ್ಣು ಉದುರಿತು. ಕೈಯಲ್ಲಿ ಒರೆಸಿ ಹಾಕಿದೆ” ಎಂದರು.

ಪತ್ರಿಕೆ ಭಾನುವಾರ ಹೊರಬಂತು. ಅದೇ ವಾರ ನಾಲ್ಕೂ ಮನೆಯವರನ್ನು ಕಾಫಿ ಸ್ಟೋರಿನ ಕಟ್ಟಡಕ್ಕೆ ಕಳಿಸಿದರು. ಆಗಸ್ಟಿನಲ್ಲಿ ಎರಡು ಗೋಡೆಗಳು ಬಿದ್ದವು. ಒಳಗೆ ಯಾರೂ ಇರಲಿಲ್ಲ. ಸಾಹುಕಾರರ ಸಿಟ್ಟು ಪೂರ್ತಿ ಫಾದರ್ ಮೇಲೆ ತಿರುಗಿದ್ದರಿಂದ ರೈಟರ್ ಕೆಲಸ ಉಳಿಯಿತು. ವರ್ಷ ತುಂಬುವುದರೊಳಗೆ ಫಾದರಿಗೆ ಕರಾವಳಿಗೆ ವರ್ಗವಾಯಿತು, ಪತ್ರಿಕೆ ನಿಂತಿತು. ಆದರೆ ರೈಟರ್ ಮೂರು ಸಲ ಹೇಳಿದ ಮಾತು ಎಲ್ಲೂ ಅಚ್ಚಾಗಿರಲಿಲ್ಲ. ರೈಟರ್ ಹಾಡು ಎತ್ತಿದರೆ ಲೈನಿನವರು ದನಿಗೂಡಿಸುತ್ತಿರಲಿಲ್ಲ. ಅದು ಅವರು ನಿವೃತ್ತರಾಗುವವರೆಗೂ ಹಾಗೇ ನಡೆಯಿತು.

ಹತ್ತು ವರ್ಷದ ಮೇಲೆ ಫಾದರ್ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ರೈಟರೂ ಬಸ್ಸು ಹಿಡಿದು ಬಂದಿದ್ದರು. ಸಕಲೇಶಪುರದಲ್ಲಿ ಮಗಳ ಜೊತೆ ಇರುವುದಾಗಿ ಹೇಳಿದರು.

“ಪ್ರತಿ ಕ್ರಿಸ್ಮಸ್ಸಿಗೂ ಕಾಗದ ಬರೀತಿದ್ರು. ಈಗ ಬರೀಬಹುದಾ ಅಂತ ಒಂದೇ ಸಾಲು” ಎಂದರು. “ಬೇಡ ಅಂತ ನಾನೂ ಒಂದೇ ಸಾಲು ಬರೀತಿದ್ದೆ.”

“ಈಗ?”

“ಈಗ ನೀವು ಬರೀರಿ.”

ಆದ್ದರಿಂದ ಬರೆಯುತ್ತಿದ್ದೇನೆ. ಆ ಗೋಡೆ ಬೀಳುತ್ತದೆ ಎಂದು ರೈಟರ್ ತಮ್ಮ ಸಾಹುಕಾರರಿಗೆ ಮೂರು ಸಲ ಹೇಳಿದ್ದರು.