ಬಣ್ಣದ ಮಾಮ ಬರೆದ ಮೂರು ಮುಖ

ಬಣ್ಣದ ಮಾಮ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಅಂಗಡಿಯ ಬೋರ್ಡು, ಲಾರಿಯ ಹಿಂಬದಿ, ಚಿತ್ರಮಂದಿರದ ಮುಂದಿನ ಭಾರೀ ಕಟೌಟು, ಎಲ್ಲವೂ ಅವನ ಕೈಯದೇ. ವರ್ಷಗಟ್ಟಲೆ ಒಬ್ಬನೇ ನಾಯಕನಟನನ್ನು ಬರೆದೂ ಬರೆದೂ ಆ ಮುಖ ಅವನ ಕೈಗೆ ಅಂಟಿಕೊಂಡುಬಿಟ್ಟಿತ್ತು. ಹಾಲಿನ ಡೈರಿಯವನು ಹಸು ಬರೆಸಿದರೆ ಹಸುವಿಗೂ ಅದೇ ಹುಬ್ಬು!

ಶಾಲೆಯ ಹೆಡ್‌ಮೇಡಂ ಒಂದು ದಿನ ಅವನನ್ನು ಕರೆಸಿ ಮೆಟ್ಟಿಲ ಪಕ್ಕದ ಉದ್ದ ಗೋಡೆ ತೋರಿಸಿದರು. ಹಿಂದೆ ಜನರ ಹಕ್ಕಿಗಾಗಿ ಹೋರಾಡಿದ ಮೂವರ ಚಿತ್ರ ಅಲ್ಲಿ ಬರಬೇಕಿತ್ತು: ಬೆಂಚಿನಜ್ಜ, ಗಿರಣಿಯಕ್ಕ, ಹಾಡಿನ ಟೀಚರು. ಇಬ್ಬರದು ಮಸುಕು ಫೋಟೊ ಇತ್ತು, ಟೀಚರದ್ದು ಅದೂ ಇಲ್ಲ.

"ಅದಕ್ಕೇನಂತೆ, ನನಗೆ ಬಿಡಿ ಮೇಡಂ" ಎಂದವನು ವಾರದೊಳಗೆ ಮೂವರನ್ನೂ ನಿಲ್ಲಿಸಿಯೇಬಿಟ್ಟ.

ಹೆಡ್‌ಮೇಡಂ ಬಂದು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಏನ್ರಿ ಇದು, ಮೂರೂ ಜನ ಒಂದೇ ತಾಯಿ ಮಕ್ಕಳ ಹಾಗಿದಾರೆ?"

"ಸಮಾನತೆಗೆ ಹೋರಾಡಿದವರು ಅಂದ್ರಲ್ಲ ಮೇಡಂ, ಅದಕ್ಕೇ ಎಲ್ಲರಿಗೂ ಸಮನಾಗಿ ಒಂದೇ ಮೂಗು ಹಂಚಿದೀನಿ. ಹೆಂಗಸರಿಗೆ ಮೀಸೆ ಮಾತ್ರ ಬರೆದಿಲ್ಲ ನೋಡಿ."

ಮೇಡಂಗೆ ನಗು ತಡೆಯಲಾಗಲಿಲ್ಲ. ನಗು ನಿಂತ ಮೇಲೆ, "ನಾಳೆ ಏಳನೇ ಕ್ಲಾಸಿಗೆ ಇವರದ್ದೇ ಪಾಠ ಮಾಡ್ತೀನಿ. ಬಂದು ಕೂತ್ಕೊಳ್ಳಿ. ಆಮೇಲೆ ಬ್ರಷ್ ಹಿಡೀರಿ" ಎಂದರು.

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಮಾಮ ಮರುದಿನ ಮೊಣಕಾಲು ಮಡಚಲಾಗದೆ ಹಿಂದಿನ ಬೆಂಚಿನಲ್ಲಿ ತುರುಕಿಕೊಂಡು ಕುಳಿತ. ಮಕ್ಕಳು ಕಿಸಕ್ಕನೆ ನಕ್ಕರು. ಪಾಠ ಶುರುವಾದ ಮೇಲೆ ಅವನಿಗೆ ಸುತ್ತಲಿನ ಪರಿವೆಯೇ ಉಳಿಯಲಿಲ್ಲ. ಬೆಂಚಿನಜ್ಜ ಚಪ್ಪಲಿ ಹೊಲಿಯುವವನು; ಅವನ ಮೊಮ್ಮಗಳನ್ನು ತರಗತಿಯ ಹೊಸ್ತಿಲಾಚೆ ಬೇರೆ ಬೆಂಚು ಹಾಕಿ ಕೂರಿಸುತ್ತಿದ್ದರಂತೆ. ಅಜ್ಜ ದಿನವೂ ಬಂದು ಅವಳ ಪಕ್ಕದಲ್ಲೇ ಕುಳಿತು ಚಪ್ಪಲಿ ಹೊಲಿದ. ಎಬ್ಬಿಸಿ ಕಳಿಸಿದರೆ ಮತ್ತೆ ಬಂದ. ಕೊನೆಗೆ ಬೆಂಚು ಒಳಗೆ ಬಂತು, ಮಗುವೂ ಒಳಗೆ ಬಂತು. ಗಿರಣಿಯಕ್ಕ ಮಗ್ಗ ಎಟುಕದೆ ಸ್ಟೂಲು ಹತ್ತಿ ಕೆಲಸ ಮಾಡುತ್ತಿದ್ದ ಕುಳ್ಳಿ. ಹೆಂಗಸರಿಗೂ ಗಂಡಸರಷ್ಟೇ ಕೂಲಿ ಕೊಡಿ ಎಂದು ಇಡೀ ಗಿರಣಿಯನ್ನೇ ನಿಲ್ಲಿಸಿದವಳು. ಇನ್ನು ಟೀಚರು, ಶಾಲೆಯಲ್ಲಿ ಆಡಕೂಡದೆಂದು ಕಟ್ಟಪ್ಪಣೆಯಿದ್ದ ಮನೆಮಾತಿನಲ್ಲೇ ಮಕ್ಕಳಿಗೆ ಹಾಡು ಕಲಿಸಿ ಕೆಲಸ ಕಳೆದುಕೊಂಡವರು.

"ಆಮೇಲೇನಾಯ್ತು ಮೇಡಂ?" ಮಾಮ ಎದ್ದೇ ನಿಂತಿದ್ದ.

"ಮನೆ ಅಂಗಳದಲ್ಲೇ ಹಾಡಿಸಿದರು. ಕಚೇರಿ ಕಚೇರಿ ಅಲೆದರು. ಆ ಮಾತು ಪಠ್ಯಪುಸ್ತಕಕ್ಕೆ ಬರೋವರೆಗೂ ಬಿಡಲಿಲ್ಲ."

ಆ ದಿನ ಊಟದ ಹೊತ್ತಿಗೆ ಮಾಮ ಇದನ್ನೆಲ್ಲ ಹೆಂಡತಿಗೆ ಒಂದೇ ಉಸಿರಿಗೆ ಹೇಳಿದ. ಮೂಲೆಯಲ್ಲಿ ಬಟಾಣಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತಿದರು.

"ಅಳಿಯಂದ್ರೇ, ಅದು ನನ್ನ ತವರಿನ ಮನೆಮಾತು. ನಮ್ಮಮ್ಮ ಆ ಅಂಗಳದಲ್ಲೇ ಕಲಿತಿದ್ದು."

ಮಾಮನ ಕೈಯ ತುತ್ತು ಅರ್ಧದಲ್ಲೇ ನಿಂತಿತು. "ನೀವು ತಂಗಿ ಹತ್ರ ಫೋನಲ್ಲಿ ಮಾತಾಡೋದು ಅದೇನಾ? ನನ್ನನ್ನ ಬೈತಿದೀರ ಅಂದ್ಕೊಂಡಿದ್ದೆ ಅತ್ತೆ!"

"ಅದೂ ಇರ್ತಿತ್ತು" ಎಂದರು ಅತ್ತೆ. ಹೆಂಡತಿಗೆ ನೀರು ನೆತ್ತಿಗೇರಿತು.

"ಟೀಚರು ನೋಡೋಕೆ ಹೇಗಿದ್ರಂತೆ?" ಮಾಮ ಕೇಳಿದ.

"ಮುಂದಿನ ಹಲ್ಲಿನ ಸಂದಿ ದೊಡ್ಡದಂತೆ. ಹಾಡೋವಾಗ ಕಣ್ಣು ಮುಚ್ಚಿ ಒಂದು ಕೈ ಕಿವಿಗೆ ಇಟ್ಕೊಳ್ಳೋರಂತೆ. ಹೀಗೆ."

ಅತ್ತೆ ಕಿವಿಗೆ ಕೈಯಿಟ್ಟರು. ಆ ಮುಖವನ್ನು ಇಷ್ಟು ವರ್ಷ ತಾನು ಸರಿಯಾಗಿ ನೋಡಿಯೇ ಇರಲಿಲ್ಲವಲ್ಲ ಅನ್ನಿಸಿತು ಮಾಮನಿಗೆ.

ಮರುದಿನ ಗೋಡೆಗೆ ಹೊಸದಾಗಿ ಸುಣ್ಣ ಬಳಿದು, ಅದು ಒಣಗಿದ ಮೇಲೆ ಟೀಚರನ್ನು ಬರೆಯಲೆಂದು ಅತ್ತೆಯನ್ನು ಎದುರಿಗೆ ಕುರ್ಚಿಯಲ್ಲಿ ಕೂರಿಸಿದ. ಸುಮ್ಮನೆ ಕೂತರೆ ಮುಖ ಬಿಗಿಯುತ್ತದೆ, ಹಾಡಿ ಎಂದ. ಅತ್ತೆ ಮೊದಲು ನಾಚಿದರು, ಆಮೇಲೆ ಶುರುಮಾಡಿದರು. ಮರಿಗಳನ್ನು ಎಣಿಸಿ ಎಣಿಸಿ ಲೆಕ್ಕ ತಪ್ಪುವ ಕೋಳಿಯ ಹಾಡು. ಒಂದೊಂದೇ ತರಗತಿಯ ಕಿಟಕಿಯಲ್ಲಿ ತಲೆಗಳು ಮೂಡಿದವು. ಹೆಡ್‌ಮೇಡಂ ಗದರಲು ಬಂದವರು ತಾವೂ ಮೆಟ್ಟಿಲ ಮೇಲೆ ಕುಳಿತರು. ಮೂರನೇ ಸಲಕ್ಕೆ ಮಕ್ಕಳೂ ದನಿಗೂಡಿಸಿದರು, ಅರ್ಧಕ್ಕರ್ಧ ತಪ್ಪು ತಪ್ಪಾಗಿ. "ನಾಲಿಗೆ ಮಡಚ್ರೋ!" ಎಂದು ಅತ್ತೆ ಅಲ್ಲೇ ತಿದ್ದಿದರು. ಅಂದಿನಿಂದ ಶನಿವಾರದ ಹಾಡಿನ ಪಾಠ ಅವರದ್ದೇ ಆಯಿತು.

ಚಿತ್ರ ಮುಗಿದ ದಿನ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಗೋಡೆಗೆ ಬೆನ್ನು ಹಚ್ಚಿ ನಿಂತು, ನೆತ್ತಿಯ ಮೇಲೆ ಅಂಗೈಯಿಟ್ಟು ಅಳೆದುಕೊಂಡಳು. "ಗಿರಣಿಯಕ್ಕ ನನ್ನಷ್ಟೇ ಇದಾರೆ!" ಎಂದು ಕುಣಿದಳು. ಮಾಮ ಬ್ರಷ್ ತೊಳೆಯುತ್ತ ನಿಂತ. ಕಣ್ಣಿಗೆ ಬ್ರಷ್ಷಿನ ನೀರು ಸಿಡಿದಿರಬೇಕು, ಒರೆಸಿಕೊಂಡ.

ಮೊನ್ನೆ ಬಟ್ಟೆ ಅಂಗಡಿಯವನು ತೀರಿಹೋದ ತಾಯಿಯ ಫೋಟೊ ತಂದು, ದೊಡ್ಡದಾಗಿ ಬರೆದುಕೊಡು ಎಂದ. ಮಾಮ ಫೋಟೊ ಪಕ್ಕಕ್ಕಿಟ್ಟು ಅವನಿಗೊಂದು ಸ್ಟೂಲು ಎಳೆದು ಕೊಟ್ಟ.

"ಮೊದಲು ಕೂತ್ಕೊಳ್ಳಿ. ಅಮ್ಮ ಜಾಸ್ತಿ ನಗ್ತಿದ್ರೋ, ಗದರ್ತಿದ್ರೋ?"

ಮಾತಿಗೆ ಕೂತ ಅಂಗಡಿಯವನು ಮಧ್ಯಾಹ್ನವಾದರೂ ಏಳಲಿಲ್ಲ.