ಬೆರಳಿಗೆ ಮಾತ್ರ ಉಳಿದ ಅಕ್ಷರ

"ಕಣ್ಣಿಗೇನೂ ಆಗಿಲ್ಲ ಕಣೇ. ಸೂಜಿಗೆ ದಾರ ಇವತ್ತಿಗೂ ಒಂದೇ ಸಲಕ್ಕೆ ಪೋಣಿಸ್ತೀನಿ. ನಿನ್ನ ಸ್ವೆಟರಿನ ಎರಡನೇ ಗುಂಡಿ ಸಡಿಲ ಆಗಿದೆ ಅಂತ ಇಲ್ಲಿಂದಲೇ ಹೇಳ್ತೀನಿ ನೋಡು. ಆದ್ರೆ ಅಕ್ಷರ ನೋಡಿದ್ರೆ... ಹೇಗೆ ಹೇಳ್ಲಿ, ಸ್ವಂತ ಅಣ್ಣನ ಮನೆಗೆ ಹೋದ್ರೆ ಬಾಗಿಲು ತೆಗೆದವರು 'ಯಾರು ಬೇಕಿತ್ತು?' ಅಂತ ಕೇಳಿದ ಹಾಗೆ. ಬರಿ ಅಂದ್ರೆ ಬರೀತೀನಿ. ಬರೆದದ್ದನ್ನ ಓದು ಅಂದ್ರೆ ಆಗಲ್ಲ. ಹೆತ್ತವಳಿಗೇ ಮಗುವಿನ ಗುರುತು ಸಿಗಲ್ಲ ಅಂದ್ರೆ ಯಾರು ನಂಬ್ತಾರೆ? ನನ್ನ ಮಗಳೇ ನಂಬಲಿಲ್ಲ. ನಂಬಿದ ಮೇಲೆ ಬೀಗ ತಂದಳು."

ಕಿಟಕಿಯ ಸರಳು ಹಿಡಿದುಕೊಂಡು ಪಕ್ಕದ ಮನೆಯಾಕೆಗೆ ಹೀಗೆ ಹೇಳುವವಳನ್ನು ಎಲ್ಲರೂ ಸೂಜಿಯಕ್ಕ ಎಂದೇ ಕರೆಯುವುದು. ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆಯಲ್ಲಿ ಕೂತು, ಡಾಕ್ಟರರ ಬಿಳಿ ಕೋಟಿನ ಜೇಬಿನ ಮೇಲೆ ನೀಲಿ ದಾರದಿಂದ ಹೆಸರು ಹೊಲಿಯುವುದು ಅವಳ ಕೆಲಸ. ಮೇಲಿನ ಸಾಲು ನಮ್ಮ ಲಿಪಿ, ಕೆಳಗಿನದು ಇನ್ನೊಂದು ಲಿಪಿ. ನಮ್ಮದನ್ನು ಮೇಸ್ತ್ರಿ ಬಾಯಲ್ಲಿ ಹೇಳಿದರೆ ಸಾಕಿತ್ತು. ಇನ್ನೊಂದನ್ನು ಓದಲು ಅವಳಿಗೆ ಎಂದೂ ಬಂದದ್ದಿಲ್ಲ. ಚೀಟಿ ನೋಡಿ, ಹೂಬಳ್ಳಿ ಬಿಡಿಸಿದ ಹಾಗೆ ಬಿಡಿಸುತ್ತಿದ್ದಳು.

ಒಂದು ಬೆಳಗ್ಗೆ ಎದ್ದು ನೋಡುತ್ತಾಳೆ, ಗೋಡೆಯ ಕ್ಯಾಲೆಂಡರಿನ ತುಂಬ ಇರುವೆ ಸಾಲು. ಕಣ್ಣುಜ್ಜಿಕೊಂಡಳು. ಇರುವೆಗಳು ಅಕ್ಷರವಾಗಲಿಲ್ಲ. ತಲೆ ಸ್ವಲ್ಪ ಭಾರವಾಗಿತ್ತು, ಅಷ್ಟೇ. ಹೇಳಿದರೆ ಮನೆಯಲ್ಲಿ ಕೂರಿಸುತ್ತಾರೆಂಬ ಹೆದರಿಕೆಗೆ ಬಾಯಿಗೆ ಬೀಗ ಹಾಕಿಕೊಂಡು ಕೆಲಸಕ್ಕೆ ಹೋದಳು. ಎಂದಿನ ಬಸ್ಸನ್ನು ಅದರ ನುಗ್ಗಾದ ಮೂತಿ ನೋಡಿ ಹತ್ತಿದಳು. ಮೇಸ್ತ್ರಿ ಹೆಸರು ಹೇಳಿದ, ಕೈ ತಾನಾಗಿ ಹೊಲಿಯಿತು. ಹೀಗೇ ಕೆಲವು ವಾರ ಕಳೆಯಿತು. ಹಗ್ಗದ ಮೇಲಿನ ನಡಿಗೆ.

ಹಗ್ಗ ಹರಿದದ್ದು ಊಟದ ಹೊತ್ತಿಗೆ. ಅರ್ಧ ಹೊಲಿದ ಕೋಟು ಬಿಟ್ಟು ಹೋಗಿದ್ದಳು. ಬಂದು ನೋಡಿದರೆ ಜೇಬಿನ ಮೇಲೆ ಒಂದು ಸಾಲು ಇದೆ. ಯಾವ ಸಾಲು? ಗೊತ್ತಾಗಲಿಲ್ಲವಲ್ಲ, ಹಾಗಾದರೆ ಇನ್ನೊಂದು ಲಿಪಿಯದೇ ಇರಬೇಕು, ಅದು ತಾನೇ ಎಂದೂ ಗೊತ್ತಾಗದ್ದು ಎಂದುಕೊಂಡು ನಮ್ಮ ಲಿಪಿಯನ್ನು ಅದರ ಮೇಲ್ಗಡೆ ಹೊಲಿದಳು.

ಮೇಸ್ತ್ರಿ ಕೋಟು ಎತ್ತಿ ಹಿಡಿದ. "ಏನಕ್ಕಾ ಇದು, ಒಂದೇ ಹೆಸರು ಎರಡು ಸಲ? ಡಾಕ್ಟರು ಮರೆತುಬಿಟ್ಟಾರು ಅಂತಲಾ?"

ಅವಳು ನಗಲಿಲ್ಲ. ಮೇಲಿನ ಸಾಲಿಗೆ ಬೆರಳಾಡಿಸಿದಳು. ಉಬ್ಬಿದ ದಾರದ ತಿರುವು ಹಿಡಿದು ಬೆರಳು ಹೋದಂತೆ ಹೆಸರು ತಾನಾಗಿ ನಾಲಿಗೆಗೆ ಬಂತು. ಕೆಳಗೆ ಬೆರಳಾಡಿಸಿದರೆ ಅದೇ ಹೆಸರು. "ಅಯ್ಯೋ, ಇದೂ ನಮ್ಮದೇ," ಎಂದವಳು ಅಲ್ಲೇ ಕುಸಿದು ಕೂತಳು.

ಮೇಸ್ತ್ರಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವಳ ಮಗಳನ್ನು ಕರೆಸಿದ. ಅದೇ ಕೋಟಿನ ಡಾಕ್ಟರಮ್ಮನೇ ಪರೀಕ್ಷೆ ಮಾಡಿ ಹೇಳಿದರು: "ತಲೆಯಲ್ಲಿ ಒಂದು ಕಡೆಗೆ ರಕ್ತ ಹೋಗೋದು ನಿಂತುಬಿಟ್ಟಿತ್ತು. ಕಣ್ಣು ನೋಡುತ್ತೆ, ನೋಡಿದ್ದು ಮಾತಿನ ಮನೆ ತಲುಪೋ ದಾರಿ ಮುಚ್ಚಿದೆ. ಕೈಯ ದಾರಿ ಬೇರೆ, ಅದು ತೆರೆದೇ ಇದೆ. ಇನ್ನೊಂದು ಲಿಪಿಗೆ ನಿಮ್ಮಲ್ಲಿ ಮೊದಲಿಂದಲೂ ದಾರಿಯೇ ಇರಲಿಲ್ಲ."

"ಕೈ ಇದ್ದರೆ ಕೆಲಸ ಇದೆ," ಅಂದಳು ಸೂಜಿಯಕ್ಕ. "ಪ್ರತಿ ಸಾಲನ್ನೂ ಮುಟ್ಟಿ ನೋಡ್ತೀನಿ. ನನ್ನ ಬರೋಕೆ ಬಿಡಿ."

"ಕೆಲಸ ಸರಿ ಅಮ್ಮಾ, ಬಸ್ಸು? ಆ ಮೂತಿ ಮುರಿದ ಬಸ್ಸು ರಿಪೇರಿಗೆ ಹೋದ್ರೆ?" ಎಂದಳು ಮಗಳು. "ನಾಳೆ ಒಬ್ಬಳೇ ಹೋಗಿ ಒಬ್ಬಳೇ ಬಾ. ಬಂದ್ರೆ ನಾನು ಮಾತಾಡಲ್ಲ."

ಮಗಳ ಬಾಯಿಗೆ ಯಾವ ದೇವತೆ ತಥಾಸ್ತು ಅಂದಿತೋ, ಮರುದಿನ ಆ ಬಸ್ಸು ಬರಲೇ ಇಲ್ಲ. ಸೂಜಿಯಕ್ಕ ನಿಲ್ದಾಣದಲ್ಲಿ ನಿಂತು, ಬಂದ ಬಸ್ಸಿನ ಬೋರ್ಡು ನೋಡುತ್ತ ಗಾಳಿಯಲ್ಲಿ ಬೆರಳಿನಿಂದ ತಿದ್ದತೊಡಗಿದಳು. ಮೊದಲ ಅಕ್ಷರ ಬಂತು, ಎರಡನೆಯದೂ ಬಂತು. ಮೂರನೆಯದಕ್ಕೆ ಬೆರಳು ಎತ್ತುವುದರೊಳಗೆ ಬಸ್ಸು ಹೊರಟಿತು. ಪಕ್ಕದಲ್ಲಿದ್ದವರನ್ನು ಕೇಳಬಹುದಿತ್ತು. ಆದರೆ ಗಾಳಿಯಲ್ಲಿ ಬರೆಯುವವಳನ್ನು ಕಂಡು ಅವರು ಆಗಲೇ ನಾಲ್ಕು ಹೆಜ್ಜೆ ದೂರ ಸರಿದಿದ್ದರು. ಕೊನೆಗೆ ಮೊದಲೆರಡು ಅಕ್ಷರ ನಂಬಿ ಹತ್ತಿದ ಬಸ್ಸು ಅವಳನ್ನು ಊರಾಚೆಯ ಡಿಪೋದಲ್ಲಿ ಇಳಿಸಿತು. ಸುತ್ತ ನೂರಾರು ಬಸ್ಸು. ಒಂದೊಂದರ ಹಣೆಯ ಮೇಲೂ ಒಂದೊಂದು ಇರುವೆ ಸಾಲು. ಡಿಪೋದವರು ಫೋನು ಮಾಡಿದ ಮೇಲೆ ಸಂಜೆ ಮಗಳು ಬಂದು ಕೈ ಹಿಡಿದು ಕರೆತಂದಳು. ದಾರಿಯುದ್ದಕ್ಕೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೇಸ್ತ್ರಿ ಒಳ್ಳೆಯವನು. ಮನೆಗೇ ಬಂದ. "ನೀನು ಬರೋದು ಬೇಡ ಅಕ್ಕಾ. ಕೋಟುಗಳನ್ನ ಇಲ್ಲಿಗೇ ಕಳಿಸ್ತೀನಿ. ಮಹಾರಾಣಿ ಥರ ಕೂತು ಹೊಲಿ."

"ಮಹಾರಾಣಿಗೆ ಹೊರಗಡೆಯಿಂದ ಬೀಗ ಹಾಕ್ತಾರಾ ಮೇಸ್ತ್ರಿ?"

ಅವನು ಮಗಳ ಮುಖ ನೋಡಿದ. ಮಗಳು ನೆಲ ನೋಡಿದಳು. "ನಾನು ಅಂಗಡಿಯಲ್ಲಿದ್ದಾಗ ನೀನು ಎಲ್ಲಾದ್ರೂ ಹೊರಟುಹೋದ್ರೆ ಎಲ್ಲಿ ಅಂತ ಹುಡುಕಲಮ್ಮಾ?" ಅಂದಳು. ಕೆಲಸ ಉಳಿಯಲಿ ಎಂದು ಬೇಡಿದವಳು ಸೂಜಿಯಕ್ಕನೇ. ಕೆಲಸ ಉಳಿಯಿತು. ಇನ್ನೇನು ಹೇಳುವುದು? "ಆಯ್ತು," ಅಂದಳು.

ಈಗ ಕೋಟಿನ ಗಂಟು ಬರುತ್ತದೆ, ಹೋಗುತ್ತದೆ. ಅವಳು ಬರುವುದೂ ಇಲ್ಲ, ಹೋಗುವುದೂ ಇಲ್ಲ. ಕಿಟಕಿಯಾಚೆ ನಿಂತು ಇದನ್ನೆಲ್ಲ ಕೇಳುತ್ತಿದ್ದ ಪಕ್ಕದ ಮನೆಯಾಕೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ, "ಬರ್ತೀನಿ ಅಕ್ಕಾ" ಎಂದು ಓಡಿದಳು. ಸೂಜಿಯಕ್ಕ ಒಣಗಿದ ಬಟ್ಟೆಯ ರಾಶಿಯಿಂದ ದೊಡ್ಡ ಹೊದಿಕೆಯೊಂದನ್ನು ಎಳೆದಳು. ಅದನ್ನು ಮಡಚಲು ಇಬ್ಬರು ಬೇಕು. ಒಂದು ತುದಿಯ ಎರಡು ಮೂಲೆಗಳನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಇನ್ನೊಂದು ತುದಿ ಹಿಡಿದು ಹಿಂದೆ ಸರಿದು, ಸುಕ್ಕು ಹೋಗುವಂತೆ ಒಮ್ಮೆ ಜೋರಾಗಿ ಎಳೆದಳು.